ಗೆರೆಗಿಂತ ಮೊದಲು

ಫಕೀರೇಶನ ಬೆರಳು ಲೋಟ ಮುಟ್ಟುವ ಮೊದಲೇ ಸುವಾರ್ತಾ ಅದನ್ನು ಬಿಟ್ಟುಬಿಟ್ಟಳು. ಬಿಸಿ ಚಹಾ ಅವನ ಪಾದದ ಮೇಲೆ ಚೆಲ್ಲಿತು. ಲೋಟ ಠಣಠಣ ಎನ್ನುತ್ತ ಮಂಚದ ಕೆಳಗೆ ಉರುಳಿತು.

"ಚಿಂತಿ ಮಾಡಬ್ಯಾಡ್ರಿ, ಸ್ಟೀಲಿಂದು," ಎಂದ ಅವಳ ಗಂಡ ದೇವಪುತ್ರ, ಪೇಪರಿನಿಂದ ತಲೆ ಎತ್ತದೆ. "ಗಾಜಿನ ಸಾಮಾನು ಅಂತ ಈ ಮನ್ಯಾಗ ಉಳದದ್ದು ನನ್ನ ಕಣ್ಣಿನ ಚಾಳೀಸ ಒಂದ. ಅದನ್ನ ನಾ ಆಕಿ ಕೈಗೆ ಕೊಡೂದ ಇಲ್ಲ."

"ನೀ ಸುಮ್ನ ಎದ್ದು ಅರಿವಿ ತಗೊಂಡ ಬಾ," ಎಂದಳು ಸುವಾರ್ತಾ. ಆಮೇಲೆ ಫಕೀರೇಶನ ಕಡೆ ತಿರುಗಿ, "ಸುಟ್ಟಿತೇನೋ ಗಿಟಾರ್ ಸರ್?"

"ಇಲ್ರಿ ಸಿಸ್ಟರ್."

ಸುಟ್ಟಿತ್ತು. ಆದರೆ ಅವನು ಪಾದ ನೋಡುತ್ತಿರಲಿಲ್ಲ, ಅವಳ ಬಲಗೈ ನೋಡುತ್ತಿದ್ದ. ಕೈ ನಡುಗಿರಲಿಲ್ಲ, ಸೋತಿರಲಿಲ್ಲ. ಹಿಡಿತ ಗಟ್ಟಿಯಾಗಿಯೇ ಇತ್ತು. ಬಿಡಬೇಕಾದ ಗಳಿಗೆಗಿಂತ ಕೂದಲೆಳೆಯಷ್ಟು ಮೊದಲು, ಯಾವ ಅನುಮಾನವೂ ಇಲ್ಲದೆ, ಬಿಟ್ಟಿತ್ತು. ಆ ರೀತಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವನದೇ ಕೈಯ ರೀತಿ.

ಪಾರ್ಶ್ವವಾಯು ಬಡಿದು ಕೈ ಬಿದ್ದುಹೋದವರಿಗೆ ಇನ್ನೊಬ್ಬರ ಕೈಯ ಗತಿಯನ್ನು ಎರವಲು ಕೊಡಲು ಬಂದರೆ? ಹುಬ್ಬಳ್ಳಿಯ ಹಳೆಯ ಹತ್ತಿ ಜಿನ್ನಿಂಗ್ ಕಾರ್ಖಾನೆಯೊಂದರಲ್ಲಿ ಶುರುವಾದ ಚಲನ ಕೇಂದ್ರ ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಪ್ರಶ್ನೆ ಕೇಳಿದವರು ಅದರ ಮುಖ್ಯಸ್ಥೆ ಡಾಕ್ಟರ್ ತಬಸ್ಸುಮ್ ನದಾಫ್. ಉತ್ತರ ಅವರಿಗೆ ಸಿಕ್ಕಿದ್ದು ಒಂದು ವಿಡಿಯೋ ಆಟದಲ್ಲಿ.

ಆಟ ಹುಡುಗರಿಗೆಲ್ಲ ಗೊತ್ತಿದ್ದದ್ದೇ. ತಂತಿಯಿಲ್ಲದ ಪ್ಲಾಸ್ಟಿಕ್ ಗಿಟಾರು, ಅದರ ಕುತ್ತಿಗೆಯ ಮೇಲೆ ಐದು ಬಣ್ಣದ ಗುಂಡಿ, ಹೊಟ್ಟೆಯ ಮೇಲೊಂದು ಮೀಟುವ ಪಟ್ಟಿ. ಹಾಡು ಶುರುವಾದರೆ ಪರದೆಯ ಮೇಲಿಂದ ಬಣ್ಣದ ಮಣಿಗಳು ಲಯಕ್ಕೆ ಸರಿಯಾಗಿ ಉರುಳಿಕೊಂಡು ಬರುತ್ತವೆ. ಕೆಳಗಿನ ಗೆರೆಯನ್ನು ಮಣಿ ಮುಟ್ಟಿದ ಗಳಿಗೆಗೆ ಅದೇ ಬಣ್ಣದ ಗುಂಡಿ ಒತ್ತಿ ಮೀಟಬೇಕು. ಉದ್ದ ಬಾಲದ ಮಣಿ ಬಂದರೆ ಬಾಲ ಮುಗಿಯುವ ತನಕ ಹಿಡಿದು ಆಮೇಲೆ ಬಿಡಬೇಕು. ಒತ್ತುವುದು, ಹಿಡಿಯುವುದು, ಬಿಡುವುದು. ಕೈ ಮಾಡುವ ಕೆಲಸವೆಲ್ಲ ಇಷ್ಟರಲ್ಲೇ ಬಂತು.

ಕೇಂದ್ರದಲ್ಲಿ ಆಟ ಆಡುವ ದಾನಿಯ ಮುಂಗೈಗೆ ಒಂದು ತೆಳು ಪಟ್ಟಿ ಸುತ್ತುತ್ತಿದ್ದರು. ಅವನ ಸ್ನಾಯು ಬಿಗಿದದ್ದು, ಸಡಿಲಿಸಿದ್ದು ಅದರಲ್ಲಿ ದಾಖಲಾಗುತ್ತಿತ್ತು. ರೋಗಿಯ ಮುಂಗೈಗೂ ಅಂಥದೇ ಪಟ್ಟಿ, ಎದುರಿಗೆ ಅದೇ ಹಾಡು, ಅದೇ ಮಣಿಗಳು. ದಾನಿಯ ಸ್ನಾಯು ಬಿಗಿದ ಕಡೆ ರೋಗಿಯ ಸ್ನಾಯುವಿಗೆ ಸಣ್ಣ ವಿದ್ಯುತ್ತು ಹರಿಯುತ್ತಿತ್ತು. ಬಿದ್ದ ಕೈ ಬಲದ್ದಾದರೆ ಗುಂಡಿಗಳು ಆ ಕೈಗೆ ಬರುವಂತೆ ಗಿಟಾರನ್ನು ತಿರುವಿ ಹಿಡಿಸುತ್ತಿದ್ದರು. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ಮಿದುಳು ಹೊಸ ದಾರಿ ಹಾಕಿಕೊಂಡು ತಾನೇ ಕೈ ನಡೆಸತೊಡಗುತ್ತಿತ್ತು. ಆಗ ಪಟ್ಟಿ ಕಳಚುತ್ತಿದ್ದರು.

ಯಂತ್ರವೇ ಗತಿ ಕೊಟ್ಟರೆ ಆಗುವುದಿಲ್ಲವೇ ಎಂದು ಬಂದವರೆಲ್ಲ ಕೇಳುತ್ತಿದ್ದರು. "ಯಂತ್ರ ಬಿಗದ್ರ ಮಿದುಳು ಅದನ್ನ ಹೊರಗಿನವರ ಕಚಗುಳಿ ಅಂತ ತಳ್ಳತೈತಿ," ಎನ್ನುತ್ತಿದ್ದರು ನದಾಫ್. "ಮನಷ್ಯಾರ ಕೈಯಾಗ ಒಂಚೂರು ಓಲಾಟ ಇರತೈತಿ. ಅದನ್ನ ತನ್ನದ ಅಂತ ತಿಳ್ಕೋತೈತಿ."

ದಾನಿಯ ಆಯ್ಕೆಗೆ ಸ್ಪರ್ಧೆ ಇಟ್ಟಾಗ ಗೆದ್ದವನು ಫಕೀರೇಶ. ಶಿರಹಟ್ಟಿ ಕಡೆಯ ಹುಡುಗ. ಎಂಜಿನಿಯರಿಂಗ್ ಅರ್ಧಕ್ಕೆ ನಿಂತಿತ್ತು. ಹುಟ್ಟಿದಾಗಿನಿಂದ ಅವನು ಮೊದಲನೆಯವನಾಗಿ ಬಂದದ್ದು ಇದೊಂದರಲ್ಲೇ. ಗಿಟಾರು ಹಿಡಿದ ಅವನ ಫೋಟೋ ಕೇಂದ್ರದ ಬಾಗಿಲಲ್ಲಿ ಆಳೆತ್ತರ ನಿಂತಿತ್ತು. ರೋಗಿಗಳ ಮನೆಯವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಅವನು ಆಟ ಕಲಿತದ್ದು ಹಾಸ್ಟೆಲಿನ ಟಿವಿ ಕೋಣೆಯಲ್ಲಿ. ಆ ಟಿವಿ ಯಾರೋ ಬೇಡವಾಗಿ ದಾನ ಕೊಟ್ಟದ್ದು. ಚಿತ್ರ, ಸದ್ದು ಎರಡೂ ಅದರಲ್ಲಿ ತಡವಾಗಿ ಬರುತ್ತಿದ್ದವು. ಮಣಿ ಗೆರೆ ಮುಟ್ಟಿದ್ದು ಕಂಡು ಒತ್ತಿದರೆ ಅಷ್ಟರಲ್ಲಿ ಆಟದ ಲೆಕ್ಕದಲ್ಲಿ ಅದು ದಾಟಿಹೋಗಿರುತ್ತಿತ್ತು. ಹೊಸದಾಗಿ ಬಂದವರಿಗೆ ಸೀನಿಯರುಗಳು ಮೊದಲು ಹೇಳುತ್ತಿದ್ದದ್ದೇ ಇದು: "ಗೆರೀ ನೋಡಬ್ಯಾಡಲೇ, ಗೆರೀಕಿಂತ ಮ್ಯಾಲ ನೋಡು. ಮಣಿ ಬರೂಕಿಂತ ಮೊದಲ ಒತ್ತು." ಹಾಗೆ ಆಡಿ ಆಡಿ ಆ ಹಾಸ್ಟೆಲಿನ ಹುಡುಗರೆಲ್ಲರ ಕೈಯೂ ಗೆರೆಗಿಂತ ಮೊದಲೇ ಓಡುತ್ತಿತ್ತು. ಬೇರೆ ಕಡೆ ಆಡಲು ಹೋದರೆ ಅವರು ಮಾಡುವ ಮೊದಲ ಕೆಲಸ ಪರದೆಯ ತಡವನ್ನು ಸರಿದೂಗಿಸುವ ಲ್ಯಾಗ್ ಸೆಟ್ಟಿಂಗಿಗೆ ಹೋಗಿ ಗೆರೆಯನ್ನೇ ತಮ್ಮ ಕೈಗೆ ಹೊಂದಿಸಿಕೊಳ್ಳುವುದು. ಚಪ್ಪಲಿ ಬಿಟ್ಟು ಒಳಗೆ ಬಂದಷ್ಟು ಸಹಜವಾಗಿ ಮಾಡುತ್ತಿದ್ದರು.

ಕೇಂದ್ರದ ಪರದೆ ಹೊಸದು, ಅದರಲ್ಲಿ ಲ್ಯಾಗ್ ಇರಲಿಲ್ಲ. ಸ್ಪರ್ಧೆಯ ಮೊದಲ ಹಾಡಿನಲ್ಲಿ ಫಕೀರೇಶ ಒಂದು ಮಣಿಯನ್ನೂ ಹಿಡಿಯಲಿಲ್ಲ. ಎರಡನೆಯದಕ್ಕೆ ಮುಂಚೆ ಸೆಟ್ಟಿಂಗಿಗೆ ಹೋಗಿ ಬಂದ. ಆಮೇಲೆ ಒಂದೂ ತಪ್ಪಲಿಲ್ಲ. ಅವನ ಆ ಸೆಟ್ಟಿಂಗೇ ರೋಗಿಗಳ ಯಂತ್ರಗಳಿಗೂ ನಕಲಾಗಿ ಹೋಯಿತು. ಹಾಗಾಗಿ ಅವರ ಅಂಕಗಳೂ ಚೆನ್ನಾಗಿಯೇ ಬಂದವು. ಕೆಲಸಕ್ಕೆ ಸೇರಿದ ಮೇಲೆ ನದಾಫ್ ಒಂದು ದಿನ ಮಾತಿನ ನಡುವೆ, "ನಮ್ಮ ಪರದೆಗೆ ಲ್ಯಾಗ್ ಸರಿಪಡಿಸೂ ಗರಜ ಇಲ್ಲ, ಆ ಸೆಟ್ಟಿಂಗ್ ಯಾರೂ ಮುಟ್ಟೂದಿಲ್ಲ," ಎಂದಿದ್ದರು. ತಾನು ಅದನ್ನು ಮುಟ್ಟಿದ್ದು ಅವನಿಗೆ ಆಗಲೇ ನೆನಪಾಗಿತ್ತು. ಕಣ್ಣು ಮಿಟುಕಿಸುವಷ್ಟೂ ಇಲ್ಲದ ವ್ಯತ್ಯಾಸ, ಅದರಿಂದ ಏನಾದೀತು ಎಂದುಕೊಂಡು ಸುಮ್ಮನಾಗಿದ್ದ.

ಅವನ ಕೈಯಿಂದ ಎಂದೂ ಲೋಟ ಬಿದ್ದಿರಲಿಲ್ಲ. ಬೀಳುವುದೂ ಇಲ್ಲ. ಲೋಟ ಹಿಡಿಯುವುದನ್ನು ಅವನ ಕೈ ಆಟಕ್ಕಿಂತ ಎಷ್ಟೋ ಮೊದಲು, ಅವ್ವನ ಮುಂದೆ ಕೂತು ಕಲಿತಿತ್ತು. ಸುವಾರ್ತಾಳ ಕೈ ಕಲಿತದ್ದನ್ನೆಲ್ಲ ಪಾರ್ಶ್ವವಾಯು ಒರೆಸಿಹಾಕಿತ್ತು. ಆ ಕೈಗೆ ಹೊಸದಾಗಿ ಸಿಕ್ಕ ಶಾಲೆ ಫಕೀರೇಶನ ಆಟವೊಂದೇ.

ನೆಲ ಒರೆಸುತ್ತ ಸುವಾರ್ತಾ ಹೇಳಿದಳು, "ಮುಂದಿನ ತಿಂಗಳು ನಾ ಡ್ಯೂಟಿಗೆ ಹೊಂಟೆ. ನದಾಫ್ ಮೇಡಂ ಫಿಟ್ ಅಂತ ಬರದು ಕೊಟ್ಟಾರ."

"ಯಾವ ವಾರ್ಡ್ ರೀ?" ಎಂದ, ಗೊತ್ತಿದ್ದೂ.

"ಹೆರಿಗಿ ವಾರ್ಡು. ಮತ್ಯಾವ್ದು? ಅರ್ಧ ಕೇಶ್ವಾಪುರ ನನ್ನ ಕೈಯಾಗ ಬಿದ್ದು ಅತ್ತೈತಿ."

"ಇನ್ನರ್ಧ ಲೋಟ ಆಗಿ ಬಿದ್ದಾವು," ಎಂದ ದೇವಪುತ್ರ.

ಅವಳು ಒರೆಸುವ ಅರಿವೆಯನ್ನು ಅವನತ್ತ ಎಸೆದಳು. ಅರಿವೆ ಅವನಿಗೆ ತಾಕಲಿಲ್ಲ, ಅರ್ಧ ದಾರಿಯಲ್ಲೇ ಬಿತ್ತು. ಗಂಡ ಹೆಂಡತಿ ನಕ್ಕರು. ಫಕೀರೇಶ ಬೇಗ ಎದ್ದು ಹೊರಟ.

ಮರುದಿನ ಅವನು ನದಾಫರ ಕೋಣೆಗೆ ಹೋದದ್ದು ಹೇಳಿಬಿಡಬೇಕು ಎಂದೇ. ಅವರು ಯಾರಿಗೋ ತೋರಿಸಲು ಸುವಾರ್ತಾಳ ವಿಡಿಯೋ ಜೋಡಿಸುತ್ತಿದ್ದರು. ಪರದೆಯ ಮೇಲೆ ಅವಳು ಮೊದಲ ಸಲ ತನ್ನ ಜಡೆ ತಾನೇ ಹಾಕಿಕೊಳ್ಳುತ್ತಿದ್ದಳು.

"ಮೇಡಂ, ಒಂದ್ ಡೌಟು. ದಾನಿ ಗತಿಯೊಳಗ ತಪ್ಪು ಇದ್ರ ಏನಾಗತೈತ್ರಿ?"

"ತಪ್ಪೂ ಹೋಗಿ ಕೂಡತೈತಿ. ಅದಕ್ಕ ಅಲ್ಲೇನು ನಿನ್ನಂಥಾವನ್ನ ಹುಡುಕಿದ್ದು." ಅವರು ವಿಡಿಯೋದಿಂದ ಕಣ್ಣು ತೆಗೆಯಲಿಲ್ಲ. "ಯಾಕ?"

"ಹಂಗ ಕೂತ್ರ ಮತ್ತ ತಗೀಲಿಕ್ಕ ಬರತೈತೇನ್ರಿ?"

"ಗೊತ್ತಿಲ್ಲಪಾ. ಮಿದುಳು ಒಂದ್ ಗತಿ ಒಪ್ಪಿಕೊಂಡ್ ಮ್ಯಾಲ ಎರಡನೇದನ್ನ ಒಪ್ಪಿದ್ದು ನಾ ಇನ್ನೂ ನೋಡಿಲ್ಲ. ಸಿಸ್ಟರ್ ಏನರ ಅಂದ್ರೇನು? ಲೋಟ ಬೀಳೂದು ರೋಗದ ಉಳಿಕಿ, ಹೋಗತೈತಿ."

"ಇಲ್ಲ, ಹಂಗ ಕೇಳ್ದೆ," ಎಂದು ಹೊರಗೆ ಬಂದ. ಬಾಗಿಲಲ್ಲಿ ಅವನ ಫೋಟೋ ಹಲ್ಲು ಕಿಸಿದುಕೊಂಡು ನಿಂತಿತ್ತು. ಹೇಳಿದರೆ ಅದನ್ನು ಇಳಿಸುತ್ತಾರೆ ಎಂಬುದು ಅವನಿಗೆ ಮೊದಲು ಹೊಳೆಯಿತು. ಸುವಾರ್ತಾಳ ಕೆಲಸ ಹೋಗುತ್ತದೆ ಎಂಬುದು ಆಮೇಲೆ ಹೊಳೆಯಿತು. ಯಾವುದು ಮೊದಲು ಬಂತು ಎಂಬುದನ್ನು ಅವನು ಗಮನಿಸಿದ, ತನ್ನ ಬಗ್ಗೆ ಹೇಸಿಗೆಯಾಯಿತು. ಆದರೂ ವಾಪಸು ಒಳಗೆ ಹೋಗಲಿಲ್ಲ. ಯಾರಿಗೂ ಗೊತ್ತಾಗದಂತೆ ತಾನೇ ಸರಿಮಾಡಿಬಿಡುತ್ತೇನೆ ಎಂದುಕೊಂಡ. ತಪ್ಪು ಮಾಡಿದವನಿಗೆ ಮೊದಲು ಹೊಳೆಯುವ ಉಪಾಯ ಇದೇ ಇರಬೇಕು.

ಕೇಂದ್ರದಲ್ಲಿ ಸುವಾರ್ತಾಳ ಪಾಠ ಮುಗಿದಿತ್ತು. ಮನೆಯಲ್ಲಿ ಆಡಿಸಿ ನೋಡುವ ಹೊಸ ಪ್ರಯೋಗ ಎಂದು ಸುಳ್ಳು ಹೇಳಿ ಅವನು ಎರಡು ಗಿಟಾರು, ಎರಡು ಪಟ್ಟಿ ಹೊತ್ತುಕೊಂಡು ಕೇಶ್ವಾಪುರಕ್ಕೆ ಹೋದ. ಈ ಸಲ ಲ್ಯಾಗ್ ಸೊನ್ನೆಗೆ ಇಟ್ಟ. ಗೆರೆಯನ್ನು ಕಾಯುವುದನ್ನು ಹೊಸದಾಗಿ ಕಲಿಯಬೇಕಾಯಿತು. ಬೆರಳು ಒತ್ತಲು ಹೊರಟಾಗ ಹಲ್ಲು ಕಚ್ಚಿ ತಡೆಯುತ್ತಿದ್ದ, ಮಣಿ ಗೆರೆ ಮುಟ್ಟಿದ ಮೇಲೆ ಒತ್ತುತ್ತಿದ್ದ. ಮೊದಲ ಸಂಜೆ ಇಬ್ಬರೂ ಸಿನಿಮಾ ಹಾಡಿನ ಅರ್ಧ ಮಣಿಗಳನ್ನು ಬಿಟ್ಟರು.

"ಏನೋ ಸರ್, ನಿನಗೂ ಲಕ್ವಾ ಹೊಡದೈತೇನು?" ಎಂದ ದೇವಪುತ್ರ. ಅವನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರು, ಬೇರೆಯವರ ಕೆಲಸ ನೋಡುತ್ತ ತಪ್ಪು ಎತ್ತಿ ಹಿಡಿಯುವುದು ಅವನಿಗೆ ಇಷ್ಟ.

"ಹೊಸಾ ಹಾಡ್ರಿ, ಅದಕ್ಕ."

"ಇದು ಹೊಸಾದು? ನಮ್ಮ ಮದುವ್ಯಾಗ ಬ್ಯಾಂಡಿನವರು ಬಾರಿಸಿದ್ದು."

ಎರಡು ವಾರದಲ್ಲಿ ಅವರ ಅಂಕ ಏರಿತು. ಸಂಜೆಗಳು ಚೆನ್ನಾಗಿದ್ದವು ಎಂಬುದನ್ನು ಅವನು ಒಪ್ಪಲೇಬೇಕು. ಸುವಾರ್ತಾ ಗಿಟಾರು ಮಡಿಲಲ್ಲಿ ಇಟ್ಟುಕೊಂಡು ಹಾಡಿಗೆ ದನಿ ಸೇರಿಸುತ್ತಿದ್ದಳು. ದೇವಪುತ್ರ ಅಕ್ಕಪಕ್ಕದವರನ್ನೆಲ್ಲ ಕರೆತಂದು, "ಮೂವತ್ತು ವರ್ಷ ಇಂಜೆಕ್ಷನ್ ಚುಚ್ಚಿದಾಕಿ ಈಗ ಗಿಟಾರ್ ಹಿಡದಾಳ, ನೋಡ್ರಿ," ಎಂದು ತೋರಿಸುತ್ತಿದ್ದ. ಊಟಕ್ಕೆ ಕೂಡದೆ ಹೋಗಲು ಬಿಡುತ್ತಿರಲಿಲ್ಲ. ಅವಳು ಬಡಿಸಿದ ಅನ್ನವನ್ನು ಫಕೀರೇಶ ಮೊದಮೊದಲು ತಟ್ಟೆಯಲ್ಲೇ ಬಿಡುತ್ತಿದ್ದ, ಬರಬರುತ್ತ ಉಣ್ಣತೊಡಗಿದ.

ಒಂದು ಸಂಜೆ ಅವಳು ಕೊಟ್ಟ ಲೋಟ ಬೀಳಲಿಲ್ಲ. ಬದಲಿಗೆ ಅವಳ ಕೈಯಲ್ಲೇ ಉಳಿಯಿತು. ಅವನು ಹಿಡಿದು ಎಳೆಯಬೇಕಾಯಿತು.

"ಬಿಡ್ರಿ ಸಿಸ್ಟರ್," ಎಂದು ನಕ್ಕ.

"ಬಿಡಾಕತ್ತೀನಲ್ಲೋ," ಎಂದಳು. ಅವಳು ನಗಲಿಲ್ಲ. ಕೈಯನ್ನು ತಿರುವಿ ಮುರುವಿ ನೋಡಿಕೊಂಡಳು. ಫಕೀರೇಶ ಅದನ್ನು ಗೆಲುವು ಎಂದು ತಿಳಿದ. ಆವತ್ತು ಎರಡು ತಟ್ಟೆ ಅನ್ನ ತಿಂದ.

ಅವಳು ಡ್ಯೂಟಿಗೆ ಹೋದ ಮೊದಲ ದಿನವೇ, ಮಧ್ಯಾಹ್ನ, ಕೇಂದ್ರಕ್ಕೆ ಬಂದಳು. ಯುನಿಫಾರ್ಮಿನಲ್ಲೇ ಇದ್ದಳು. ನದಾಫ್ ಕುರ್ಚಿ ಎಳೆದರು. ಅವಳು ಕೂಡಲಿಲ್ಲ. ಫಕೀರೇಶ ಕಂಪ್ಯೂಟರಿನ ಮುಂದಿನಿಂದ ಎದ್ದು ನಿಂತ.

"ಕೂಸು ಜಾರಿತು," ಎಂದಳು. "ಟೇಬಲ್ ಮ್ಯಾಲ ಬಿತ್ತು, ತಾಯಿ ಕಾಲಿನ ನಡುವ. ಬಾಳ ಎತ್ತರ ಇರಲಿಲ್ಲ. ಕೂಸಿಗೆ ಏನೂ ಆಗಿಲ್ಲ, ಡಾಕ್ಟರ್ ನೋಡಿದ್ರು, ಹಾಲು ಕುಡೀತು. ಆದರ ಆ ತಾಯಿ ಅಳೂ ಕೂಸಿನ ಕಡೆ ನೋಡ್ಲಿಲ್ಲ, ನನ್ನ ಕಡೆ ನೋಡಾಕತ್ತಿದ್ಲು."

ಅವಳು ನದಾಫರ ಕಡೆ ತಿರುಗಿದಳು.

"ಮೇಡಂ, ಪಟ್ಟಿ ಬಿಚ್ಚಿದ ದಿನದಿಂದ ನನ್ನ ಕೈ ಮೊದಲ ಬಿಡತಿತ್ತು. ಅದು ನನಗ ಗೊತ್ತಿತ್ತು. ದಿನಾ ಅಷ್ಟ ಮೊದಲ, ಹೆಚ್ಚಿಲ್ಲ ಕಡಿಮಿಲ್ಲ. ಮೈಮರತು ಮಾತಾಡುವಾಗ ಲೋಟ ಬಿದ್ದಿರಬೇಕು, ಲಕ್ಷ್ಯ ಕೊಟ್ಟು ಹಿಡದಾಗ ಒಂದೂ ಬಿದ್ದಿಲ್ಲ. ಎಡಗೈ ಕೆಳಗ ಒಯ್ಯೂದು, ಬಲಗೈಗೆ ಒಳಗಿಂದ ಒಂದ್ ಸಲ 'ತಡಿ' ಅನ್ನೂದು, ಆಮ್ಯಾಲ ಬಿಡೂದು. ಅಕ್ಕಿ ಚೀಲಕ್ಕ ಕೂಸಿನಂಗ ಟಾವೆಲ್ ಸುತ್ತಿ ದಿನಾ ಪ್ರಾಕ್ಟೀಸ್ ಮಾಡೀನಿ. ನಾ ಕೊಟ್ಟಿದ್ದನ್ನ ದೇವಪುತ್ರ ಹಿಡೀತಿದ್ದ. ಕೆಟ್ಟ ಕೈ, ಆದರ ನಂಬಿಕಿ ಕೈ." ಅವಳು ಬಲಗೈ ಎತ್ತಿ ತೋರಿಸಿದಳು. "ಈಗ ಹದಿನೈದು ದಿನದಿಂದ ಒಮ್ಮೆ ಮೊದಲ ಬಿಡತೈತಿ, ಒಮ್ಮೆ ಬಿಡೂದ ಇಲ್ಲ. ಯಾವಾಗ ಏನು ಮಾಡತೈತಿ ನನಗ ತಿಳೀವಲ್ದು. ಮನ್ಯಾಗ ಮತ್ತ ಆಡಾಕ ಹತ್ತಿದ ಮ್ಯಾಲ ಇದು ಶುರು ಆಗಿದ್ದು."

"ಮನ್ಯಾಗ ಆಡೂದು?" ಎಂದರು ನದಾಫ್.

ಇಬ್ಬರೂ ಫಕೀರೇಶನ ಕಡೆ ತಿರುಗಿದರು.

ಅವನು ಹೇಳಿದ. ಹಾಸ್ಟೆಲಿನ ಟಿವಿ, ಸ್ಪರ್ಧೆಯ ದಿನ, ಸೆಟ್ಟಿಂಗು, ಚಹಾ ಬಿದ್ದದ್ದು, ಸಂಜೆಗಳು. ಹೇಳುವುದಕ್ಕೆ ಬಹಳ ಹೊತ್ತೇನೂ ಹಿಡಿಯಲಿಲ್ಲ. ಇಷ್ಟು ಚಿಕ್ಕ ಮಾತನ್ನು ಇಷ್ಟು ದಿನ ಹೊತ್ತು ತಿರುಗಿದೆನಲ್ಲ ಎನಿಸಿತು.

ನದಾಫ್ ಕಂಪ್ಯೂಟರಿನಲ್ಲಿ ಅವನ ಹಳೆಯ ದಾಖಲೆ ತೆಗೆದರು. ಅಂಕದ ಪುಟ ಬಿಟ್ಟು, ಯಾರೂ ತೆರೆಯದಿದ್ದ ಸ್ನಾಯುವಿನ ಅಲೆಗಳ ಪುಟ ತೆರೆದರು. ಪ್ರತಿ ಮಣಿಗೂ ಮುಂಚೆ ಒಂದು ಸಣ್ಣ ಗುಡ್ಡ ಎದ್ದಿತ್ತು, ಹಾಡಿನ ಉದ್ದಕ್ಕೂ, ತಪ್ಪದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊದಲನೇ ದಿನಾನ ನೋಡಬೇಕಿತ್ತು," ಎಂದರು, ತಮಗೇ ಎಂಬಂತೆ. "ಅಂಕ ಬಂತು ಅಂತ ಖುಷಿಯಾಗಿ ಕೂತೆ."

"ಸಿಸ್ಟರ್, ತಪ್ಪಾತ್ರಿ," ಎಂದ ಫಕೀರೇಶ. "ನಾ ಸರಿ ಮಾಡಬೇಕಂತ..."

"ನೀ ಸರಿ ಮಾಡಾಕ ಬಂದದ್ದು ನನ್ನ ಕೈನ ಅಲ್ಲ. ನಿನಗ ನಿದ್ದಿ ಬರವಲ್ದಾಗಿತ್ತು, ಅದನ್ನ." ಅವಳ ದನಿ ಏರಲಿಲ್ಲ. ವಾರ್ಡಿನಲ್ಲಿ ರೋಗಿಯ ಕಡೆಯವರಿಗೆ ಹೇಳುವ ರೀತಿಯಲ್ಲೇ ಹೇಳಿದಳು. "ಮೊದಲ ಹೇಳಿದ್ರ ನಾ ಏನಂತಿದ್ದೆ ಗೊತ್ತೇನು? ಇರಲಿ ಬಿಡು, ನಾ ಹೊಂದಿಕೊಂಡೀನಿ ಅಂತಿದ್ದೆ."

ಅವನು ತಲೆ ತಗ್ಗಿಸಿದ.

"ಈಗ ನನಗ ಓಪಿಡಿಯೊಳಗ ಚೀಟಿ ಕೊಡೂ ಕೆಲಸ ಕೊಡ್ತಾರ. ಚೀಟಿ ಬಿದ್ರ ಅಳೂದಿಲ್ಲ." ಅವಳು ಹೊರಡಲು ತಿರುಗಿದಳು, ಮತ್ತೆ ನಿಂತಳು. "ನಿನ್ನ ಕೈ ಇನ್ನೂ ಯಾರ ಯಾರಿಗೆ ಕೊಟ್ಟಾರ?"

"ಇನ್ನೂ ಒಂಬತ್ತು ಮಂದಿ ಅದಾರ," ಎಂದರು ನದಾಫ್. "ನಾ ಇವತ್ತ ಎಲ್ಲಾರಿಗೂ ಫೋನ್ ಮಾಡಿ ಕರಸ್ತೀನಿ."

"ನೀವು ಬ್ಯಾಡ. ಇವನು ಹೋಗ್ಲಿ. ಮನೀಗೆ ಹೋಗಿ ಮುಖ ತೋರ್ಸಿ ಹೇಳ್ಲಿ." ಅವಳು ಅವನನ್ನು ನೋಡಿದಳು. "ಸರಿ ಮಾಡಾಕ ಹೋಗಬ್ಯಾಡ. ಹೇಳಾಕ ಅಷ್ಟ ಹೋಗು."

ಬಾಗಿಲನ್ನು ಅವಳು ಎಡಗೈಯಿಂದ ಎಳೆದುಕೊಂಡು ಹೋದಳು.

ಆ ಒಂಬತ್ತು ಮಂದಿಯಲ್ಲಿ ಫಕೀರೇಶ ಮೊದಲು ಹೋದದ್ದು ಹಳೇ ಹುಬ್ಬಳ್ಳಿಯ ದ್ಯಾಮಣ್ಣನ ಮನೆಗೆ. ದ್ಯಾಮಣ್ಣ ಲಾರಿ ಡ್ರೈವರು. ಲಕ್ವಾ ಹೊಡೆದು ಬಿದ್ದ ಎರಡು ವರ್ಷದ ಮೇಲೆ ಕೈ ಬಂದಿತ್ತು. ಮತ್ತೆ ಲಾರಿ ಹತ್ತುವುದಕ್ಕೆ ಹೊಸ ಲೈಸೆನ್ಸಿಗೆ ಓಡಾಡುತ್ತಿದ್ದ. ದಾರಿಯುದ್ದಕ್ಕೂ ಫಕೀರೇಶ ಹೇಳಬೇಕಾದ ಮಾತನ್ನು ಜೋಡಿಸಿಕೊಂಡು ಬಂದಿದ್ದ. ಬಾಗಿಲು ತೆರೆದಾಗ ಒಂದೂ ನೆನಪಿರಲಿಲ್ಲ.

"ಬಾರಪಾ ಬಾ, ನಮ್ಮ ಗಿಟಾರ್ ಸರ್," ಎಂದು ದ್ಯಾಮಣ್ಣ ಕೈ ಚಾಚಿದ. ಫಕೀರೇಶನೂ ಚಾಚಿದ. ಅವನ ಅಂಗೈ ಒಳಗೆ ಹೋಗುವ ಮೊದಲೇ ದ್ಯಾಮಣ್ಣನ ಮುಷ್ಟಿ ಮುಚ್ಚಿಕೊಂಡಿತು, ನಾಲ್ಕು ಬೆರಳ ತುದಿ ಮಾತ್ರ ಅದರಲ್ಲಿ ಸಿಕ್ಕವು. ಕುಲುಕಿ ಮುಗಿಯುವ ಮೊದಲೇ ಬಿಟ್ಟಿತು.

"ಹೆಂಗೈತಿ ಹಿಡಿತ? ಸ್ಟೇರಿಂಗ್ ಹಿಡದ್ರ ಧಾರವಾಡ ತನಕ ಬಿಡೂದಿಲ್ಲ."

"ದ್ಯಾಮಣ್ಣಾರ, ಕೂತು ಮಾತಾಡೂದಿತ್ತು."

"ಮಾತಾಡೂಣಂತ, ಎಲ್ಲಿಗೆ ಓಡಿ ಹೊಂಟೀಯಾ? ಏ, ಚಾ ಇಡ, ಸರ್ ಬಂದಾರ." ಒಳಗಿನಿಂದ ಹೆಂಡತಿ ಹೂಂ ಎಂದಳು. ಅಷ್ಟರಲ್ಲಿ ಮೂರು ವರ್ಷದ ಮೊಮ್ಮಗಳು ಅಡಿಗೆಮನೆಯಿಂದ ಓಡಿಬಂದು ದ್ಯಾಮಣ್ಣನ ಮುಂದೆ ಎರಡೂ ಕೈ ಮೇಲೆತ್ತಿ ನಿಂತಿತು.

"ನೋಡು, ದಿನಾ ಇದ ಹಟ," ಎಂದ ದ್ಯಾಮಣ್ಣ. "ಮುಗಿಲಿಗೆ ಹಾರ್ಸು ಅಂತಾಳ. ಇವರಜ್ಜಿ ಹೆದರಿ ಬಿಡೂದಿಲ್ಲ. ಇವತ್ತ ನಿನ್ನ ಮುಂದ ಹಾರಿಸಿ ತೋರಿಸ್ತೀನಿ ತಡಿ, ನೀ ಕೊಟ್ಟ ಕೈ." ಅವನು ಬಗ್ಗಿದ.

"ಎತ್ತಬ್ಯಾಡ್ರಿ," ಎಂದ ಫಕೀರೇಶ.

ಕೈಗಳು ಕೂಸಿನ ಕಂಕುಳ ಹತ್ತಿರ ನಿಂತವು. ದ್ಯಾಮಣ್ಣನ ಮುಖದ ಮೇಲೆ ನಗು ಇನ್ನೂ ಹಾಗೇ ಇತ್ತು.

"ಯಾಕ?"

ಫಕೀರೇಶ ಕೂಸನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು ಹೇಳತೊಡಗಿದ. ದ್ಯಾಮಣ್ಣ ಕುರ್ಚಿ ಹಿಂದಕ್ಕೆ ಸರಿಸಿ ಕೂತ. ಹೆಂಡತಿ ಚಹಾ ತಂದು, ಇಬ್ಬರ ಮುಖ ನೋಡಿ, ತಟ್ಟೆ ಹಿಡಿದುಕೊಂಡೇ ನಿಂತಳು. ಮಾತು ಅರ್ಧ ಮುಗಿಯುವ ಹೊತ್ತಿಗೆ ದ್ಯಾಮಣ್ಣ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿ ಇಟ್ಟುಕೊಂಡಿದ್ದ.